ರಾಣಿಯ ನಾಲ್ಕು ಕಂತು

ಶುಕ್ರವಾರ ಬೆಳಗ್ಗೆ ಎದ್ದವಳೇ ರಾಣಿಯಮ್ಮ ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು "ಆ" ಎಂದಳು. ಧ್ವನಿ ಬಂತು. ಬಂತು ಎಂದರೆ, ಎಡವುತ್ತಾ ಮುಗ್ಗರಿಸುತ್ತಾ ಬಂತು. ಇಪ್ಪತ್ತೆರಡು ದಿನ ಒಂದೇ ಒಂದು ಮಾತಾಡದೆ ಕೂತಿದ್ದ ಗಂಟಲು ಅದು. ಪಿಸುಮಾತು ಕೂಡ ಬೇಡ, ಮಾತಿಗಿಂತ ಪಿಸುಮಾತೇ ಕೆಟ್ಟದ್ದು ಎಂದು ಡಾಕ್ಟರು ಬಾಯಿಗೆ ಬೀಗ ಹಾಕಿ ಕಳಿಸಿದ್ದರು. ಅಷ್ಟು ದಿನ ಗಂಡನ ಜೊತೆ ಜಗಳವನ್ನೂ ಹಳೆಯ ಸ್ಕ್ರಿಪ್ಟಿನ ಹಿಂಬದಿಯಲ್ಲಿ ಬರೆದೇ ಆಡಿದ್ದಳು. ಅವನಿಗೆ ಕನ್ನಡಕ ಸಿಗುವಷ್ಟರಲ್ಲಿ ಇವಳ ಸಿಟ್ಟು ಇಳಿದುಹೋಗುತ್ತಿತ್ತು.

ರಾಣಿಯಮ್ಮ ಅಂದರೆ ಯಾವ ದೇಶದ ರಾಣಿಯೂ ಅಲ್ಲ. ಟಿ.ವಿ.ಯಲ್ಲಿ ಸೋಮವಾರದಿಂದ ಗುರುವಾರದವರೆಗೆ ಸಂಜೆ ಒಂದು ಸೀರಿಯಲ್ ಬರುತ್ತದೆ. ನಾಲ್ಕು ಸಾವಿರ ವರ್ಷದ ಹಿಂದೆ ಎರಡು ನದಿಗಳ ನಡುವೆ ಇದ್ದ ಇಟ್ಟಿಗೆಯ ಊರೊಂದರ ಕಥೆ. ತೆಗೆದವರು ಪರದೇಶದ ಕಂಪನಿಯವರು, ನಮ್ಮ ಭಾಷೆಗೆ ಅದನ್ನು ಡಬ್ ಮಾಡುತ್ತಾರೆ. ಅದರಲ್ಲಿ ಒಬ್ಬ ರಾಣಿ ಇದ್ದಾಳೆ: ಗಂಡ ಸತ್ತಿದ್ದಾನೆ, ಇಬ್ಬರು ಮಕ್ಕಳನ್ನು ಮಣ್ಣು ಮಾಡಿದ್ದಾಳೆ, ಆದರೂ ಸಿಂಹಾಸನ ಬಿಟ್ಟು ಏಳುವುದಿಲ್ಲ. ತೆರೆಯ ಮೇಲಿನ ನಟಿ ಎಲ್ಲಿಯವಳೋ ಏನೋ, ಅವಳು ಬಾಯಿ ತೆರೆದರೆ ಹೊರಗೆ ಬರುವುದು ಐವತ್ತಾರು ವರ್ಷದ, ಮೊಣಕಾಲು ನೋವಿನ, ಎರಡು ಬಸ್ ಬದಲಾಯಿಸಿ ಸ್ಟುಡಿಯೊಗೆ ಬರುವ ಈ ಹೆಂಗಸಿನ ಧ್ವನಿ. ಮೂವತ್ತು ವರ್ಷ ಪಕ್ಕದ ಮನೆಯ ಹೆಂಗಸು, ನರ್ಸು, ಎರಡನೇ ಅತ್ತೆ, ಒಮ್ಮೆ ಮಾತಾಡುವ ಆಮೆ, ಹೀಗೆ ಸಿಕ್ಕಿದ್ದಕ್ಕೆಲ್ಲ ಧ್ವನಿ ಕೊಟ್ಟವಳಿಗೆ ಕೊನೆಗೊಮ್ಮೆ ರಾಣಿ ಸಿಕ್ಕಿದ್ದಳು. ಸ್ಟುಡಿಯೊದವರು ಅವಳನ್ನು ಕರೆಯುವುದೂ ಹಾಗೆಯೇ. ಅವಳಿಗೂ ಅದು ಇಷ್ಟ, ಇಷ್ಟವಿಲ್ಲದಂತೆ ನಟಿಸುತ್ತಾಳೆ ಅಷ್ಟೆ.

ಇಂಥವಳ ಧ್ವನಿತಂತುಗಳ ಮೇಲೆ ಎರಡು ಪುಟ್ಟ ಗಂಟುಗಳು ಎದ್ದವು. ಧ್ವನಿ ಒಡೆಯಿತು, ಆಮೇಲೆ ಪೂರ್ತಿ ಕೈಕೊಟ್ಟಿತು. ಮೂರು ವಾರ ಮೌನ ಎಂದರು ಡಾಕ್ಟರು. ಆ ವಾರವೇ ನಾಲ್ಕು ಕಂತುಗಳ ರೆಕಾರ್ಡಿಂಗ್ ಇತ್ತು, ಅರವತ್ತೊಂದರಿಂದ ಅರವತ್ನಾಲ್ಕರವರೆಗೆ.

ಹೇಳಬಹುದಿತ್ತು. ಹೇಳಿದ್ದರೆ ಏನಾಗುತ್ತಿತ್ತು ಎಂಬುದೂ ಅವಳಿಗೆ ಗೊತ್ತಿತ್ತು. ಐದು ವರ್ಷದ ಹಿಂದೆ ಇನ್ನೊಂದು ಸೀರಿಯಲ್ಲಿನಲ್ಲಿ ಅತ್ತೆಗೆ ಧ್ವನಿ ಕೊಡುತ್ತಿದ್ದವಳಿಗೆ ನೆಗಡಿಯಾಯಿತೆಂದು ಒಂದು ವಾರದ ಮಟ್ಟಿಗೆ ಬೇರೆಯವಳನ್ನು ಕರೆಸಿದರು. ನೆಗಡಿ ವಾಸಿಯಾಯಿತು, ಆ ಹೆಂಗಸನ್ನು ಮಾತ್ರ ಯಾರೂ ಮತ್ತೆ ಕರೆಯಲಿಲ್ಲ. ಆಕೆಯ ಜಾಗಕ್ಕೆ ಬಂದವಳು ಬೇರೆ ಯಾರೂ ಅಲ್ಲ, ಈ ರಾಣಿಯಮ್ಮನೇ.

ಅದಕ್ಕೇ ಅವಳು ತಂಗಿಯನ್ನು ಹಿಡಿದಳು. ತಂಗಿ ಅವಳಿಗಿಂತ ಐದು ವರ್ಷ ಚಿಕ್ಕವಳು, ದೊಡ್ಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಷ್ಟನೇ ಅಂಕಣದಲ್ಲಿ ನಿಂತಿದೆ ಎಂದು ಹೇಳುವ ಕೆಲಸ. ಇಪ್ಪತ್ತಾರು ವರ್ಷದಿಂದ ಅವಳ ಮಾತು ಕೇಳಿ ಲಕ್ಷಾಂತರ ಜನ ಎದ್ದು ಓಡಿದ್ದಾರೆ, ಒಬ್ಬರೂ ತಿರುಗಿ ನೋಡಿಲ್ಲ. ಅಕ್ಕತಂಗಿಯರ ಧ್ವನಿ ಎಷ್ಟು ಒಂದೇ ಎಂದರೆ, ಫೋನಿನಲ್ಲಿ ಹೆತ್ತ ತಾಯಿಯೇ "ನೀನು ದೊಡ್ಡವಳೋ ಚಿಕ್ಕವಳೋ, ಮೊದ್ಲು ಅದು ಹೇಳು" ಎಂದು ಗದರುತ್ತಿದ್ದಳು. ತಂಗಿಗೆ ಮೊದಲು ಭಯವಾಯಿತು, ಆಮೇಲೆ ನಗು ಬಂತು, ಕೊನೆಗೆ ರಜೆ ಹಾಕಿ ಬಂದಳು.

ಸೌಂಡ್ ಎಂಜಿನಿಯರನೊಬ್ಬನಿಗೆ ಮಾತ್ರ ವಿಷಯ ಗೊತ್ತಿತ್ತು. ಸೊಳ್ಳೆ ಯಾವ ಗೋಡೆಯ ಮೇಲೆ ಕೂತಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಾನೆಂದು ಅವನನ್ನು ಎಲ್ಲರೂ "ಕಿವಿ" ಎಂದು ಕರೆಯುತ್ತಿದ್ದರು. ಡಬ್ಬಿಂಗ್ ನಿರ್ದೇಶಕರು ಆ ವಾರವಿಡೀ ಇನ್ನೊಂದು ಕೋಣೆಯಲ್ಲಿ ಸೈನಿಕರ ಗದ್ದಲ ರೆಕಾರ್ಡ್ ಮಾಡಿಸುತ್ತಿದ್ದರು. ಹತ್ತು ಜನರಿಂದ ಸಾವಿರ ಜನರ ಕೂಗು ಹೊರಡಿಸುವುದು ಸಣ್ಣ ಕೆಲಸವಲ್ಲ. "ರಾಣಿಯಮ್ಮಂಗೆ ನಾನು ಹೇಳಿಕೊಡೋದೇನಿದೆ" ಎಂದು ಅವರು ಈ ಕಡೆ ತಲೆ ಹಾಕಲಿಲ್ಲ.

ಒಂದೇ ಒಂದು ತೊಡಕು ಬಂತು. ನಿಟ್ಟುಸಿರು, ಬಿಕ್ಕಳಿಕೆ, ಮೆಟ್ಟಿಲು ಹತ್ತಿದ ಏದುಸಿರು, ಇವನ್ನೆಲ್ಲ ಮಾತಿನಿಂದ ಬೇರೆ ಮಾಡಿ ಕೊನೆಯಲ್ಲಿ ರೆಕಾರ್ಡ್ ಮಾಡುವುದು ಅಲ್ಲಿನ ಪದ್ಧತಿ. ತಂಗಿಗೆ ಮಾತು ಬಂತು, ಉಸಿರು ಬರಲಿಲ್ಲ. ನಿಟ್ಟುಸಿರು ಬಿಡು ಎಂದರೆ ಬಸ್ಸು ತಪ್ಪಿಸಿಕೊಂಡವಳ ಹಾಗೆ ಬಿಡುತ್ತಿದ್ದಳು. ಉಸಿರಿಗೆ ಧ್ವನಿ ಯಾಕೆ ಬೇಕು ಎಂದುಕೊಂಡು ರಾಣಿಯಮ್ಮನೇ ಮೈಕಿನ ಮುಂದೆ ನಿಂತು ನಾಲ್ಕೂ ಕಂತುಗಳಿಗೆ ಉಸಿರು ಕೊಟ್ಟಳು. ಮಾತು, ಉಸಿರು ಎರಡನ್ನೂ ಕಿವಿ ಜೋಡಿಸಿದ. ಮೂವರೂ ಕೇಳಿದರು, ಚೆನ್ನಾಗಿದೆ ಎನಿಸಿತು. ಅದು ಎಂಥ ತಪ್ಪು ಎಂದು ಮೂವರಿಗೂ ಹೊಳೆಯಲಿಲ್ಲ.

ಮುಂದಿನ ಕಂತುಗಳು ಪರದೇಶದಿಂದ ಬರುವುದು ತಡವಾಗಿ, ಅವಳ ಮೂರು ವಾರದ ಮೌನವನ್ನು ಯಾರೂ ಗಮನಿಸಲಿಲ್ಲ. ಆದರೆ ಈ ವಾರ ಆ ನಾಲ್ಕು ಕಂತುಗಳು ಟಿ.ವಿ.ಯಲ್ಲಿ ಬಂದವು. ಸೋಮವಾರದಿಂದ ರಾಣಿಯಮ್ಮನಿಗೆ ಅನ್ನ ಸೇರುತ್ತಿಲ್ಲ. ಕಂತು ಮುಗಿದ ಕೂಡಲೇ ಫೋನು ಹಿಡಿದು ನೋಡುಗರು ಬರೆದದ್ದನ್ನೆಲ್ಲ ಒಂದೂ ಬಿಡದೆ ಓದುವುದು, ಫೋನು ಮಗುಚಿ ಇಡುವುದು, ಎರಡು ನಿಮಿಷಕ್ಕೆ ಮತ್ತೆ ಎತ್ತಿಕೊಳ್ಳುವುದು. ಯಾರೂ ಏನೂ ಅಂದಿರಲಿಲ್ಲ. ಅದು ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ನೋಡುಗರು ಗುರುತು ಹಿಡಿದರೆ ಅವಳ ಕೆಲಸ ಹೋಗುತ್ತಿತ್ತು. ಹಿಡಿಯದೇ ಹೋದರೆ ಮೂವತ್ತು ವರ್ಷ ಹೋಗುತ್ತಿತ್ತು. ಯಾವುದಕ್ಕೆ ಹೆಚ್ಚು ಹೆದರಬೇಕೆಂದೇ ಅವಳಿಗೆ ತಿಳಿಯದಾಗಿತ್ತು.

ಇದರ ಮೇಲೆ ಶುಕ್ರವಾರ. ಫೋನಿನಲ್ಲಿ ಬರೆಯುವವರಲ್ಲದೆ ವಾಹಿನಿಗೇ ಕಾಗದ, ಮೇಲ್ ಕಳಿಸುವವರೂ ಇದ್ದರು. ಅವೆಲ್ಲವನ್ನೂ ವಾಹಿನಿಯವರು ಅಚ್ಚು ಹಾಕಿಸಿ ಒಂದು ಕಟ್ಟು ಮಾಡಿ ಶುಕ್ರವಾರ ಸ್ಟುಡಿಯೊಗೆ ಕಳಿಸುತ್ತಿದ್ದರು. ಊಟವಾದ ಮೇಲೆ ಕ್ಯಾಂಟೀನಿನ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕೂರಬೇಕು, ಕಟ್ಟು ಅಲ್ಲೇ ಬಿಚ್ಚಬೇಕು, ಮೊದಲೇ ಯಾರೂ ನೋಡಿರಬಾರದು. ಗಟ್ಟಿಯಾಗಿ ಓದುವವಳು ರಾಣಿಯಮ್ಮ. ಪ್ರಜೆಗಳ ದೂರನ್ನು ರಾಣಿಯ ಬಾಯಲ್ಲೇ ಕೇಳೋಣ ಎಂದು ಯಾರೋ ತಮಾಷೆಗೆ ಶುರು ಮಾಡಿದ್ದು, ಈಗ ಕಟ್ಟುನಿಟ್ಟಿನ ಪದ್ಧತಿಯಾಗಿಬಿಟ್ಟಿತ್ತು. ಮೊದಲು ಸೈನಿಕರ ಗದ್ದಲ, ಆಮೇಲೆ ಕೆಲಸವಿಲ್ಲದ ದಿನಗಳು ಎಂದು ಹಿಂದಿನ ಮೂರು ಶುಕ್ರವಾರ ಮಾತ್ರ ಅದು ತಪ್ಪಿತ್ತು.

"ಗಂಟಲು ಯಾಕೋ ಕಟ್ಟಿದ ಹಾಗಿದೆ?" ಎಂದರು ನಿರ್ದೇಶಕರು, ಅವಳು ನಮಸ್ಕಾರ ಎಂದ ಕೂಡಲೇ. ಕಿಸೆಯಲ್ಲಿ ಸದಾ ಕೆಂಪು ಪೆನ್ನಿರುವ, ಬೇರೆಯವರ ಮಾತನ್ನು ಮಾತಿನ ನಡುವೆಯೇ ತಿದ್ದುವ ಮನುಷ್ಯ.

"ಸ್ವಲ್ಪ ಥಂಡಿ" ಎಂದಳು. ಮೇಜಿನ ಆ ತುದಿಯಲ್ಲಿ ಕಿವಿ ತನ್ನ ತಟ್ಟೆಯಲ್ಲೇ ಕಣ್ಣು ನೆಟ್ಟ.

ಮೊದಲ ಕಾಗದ ಒಬ್ಬ ಗಾರೆ ಕೆಲಸದವನದು. "ನಿಮ್ಮ ಅರಮನೆಯ ಗೋಡೆ ನೋಡಿದೆ. ಇಟ್ಟಿಗೆಯ ಸಂದು ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿದೆ. ಇದು ನಾಲ್ಕು ಸಾವಿರ ವರ್ಷ ಇರಲಿ, ನಾಲ್ಕು ಮಳೆಗಾಲವೂ ನಿಲ್ಲುವುದಿಲ್ಲ. ಸೇನಾಪತಿ ಆ ಗೋಡೆಗೆ ಒರಗಿ ನಿಂತಾಗಲೆಲ್ಲ ನನಗೆ ಜೀವ ಹೋಗುತ್ತದೆ." ಎಲ್ಲರೂ ನಕ್ಕರು. ಎರಡನೆಯವಳಿಗೆ ಸೇನಾಪತಿಯ ಎದೆಯದೇ ಚಿಂತೆ: "ಒಂದೂ ಕೂದಲಿಲ್ಲ. ಆ ಕಾಲದಲ್ಲಿ ಯುದ್ಧಕ್ಕೆ ಹೋಗುವ ಮೊದಲು ಇದಕ್ಕೆಲ್ಲ ಪುರುಸೊತ್ತಿತ್ತೇ?" ಸೇನಾಪತಿಗೆ ಧ್ವನಿ ಕೊಡುವ ಸಣಕಲು ಮನುಷ್ಯ, ಜಿರಳೆ ಕಂಡರೆ ಕುರ್ಚಿ ಹತ್ತುವವನು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಮತ್ತೊಬ್ಬರಿಗೆ ಅಷ್ಟು ಹಿಂದಿನ ಕಾಲದವರ ಹಲ್ಲು ಅಷ್ಟು ಬೆಳ್ಳಗಿರುವುದು ಸರಿಬಂದಿರಲಿಲ್ಲ.

ಆಮೇಲೆ ರಾಣಿಯ ಮಾತು ಬಂತು. "ಈ ವಾರ ರಾಣಿ ಬಹಳ ಚೆನ್ನಾಗಿ ಮಾತಾಡಿದರು. ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳಿಸಿತು." ಇನ್ನೊಂದು: "ರಾಣಿಯ ಕಂಠಕ್ಕೆ ಹೊಸ ಕಳೆ ಬಂದಿದೆ." ಮತ್ತೊಂದು: "ಇಷ್ಟು ದಿನ ರಾಣಿ ಗೊಣಗುತ್ತಿದ್ದಳು, ಈಗ ರಾಣಿಯಾದಳು."

"ಭೇಷ್!" ಎಂದು ನಿರ್ದೇಶಕರು ಮೇಜು ತಟ್ಟಿದರು. "ನಾನು ಹೇಳ್ತಾ ಇರ್ಲಿಲ್ವಾ? ಇನ್ನೊಂದ್ಸಲ ಓದಿ ಅದನ್ನ."

ಅವಳು ಇನ್ನೊಂದು ಸಲ ಓದಿದಳು. ಇಂಥವು ಒಟ್ಟು ಹನ್ನೊಂದು ಬಂದವು, ನಿರ್ದೇಶಕರು ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋದರು. ಪ್ರತಿ ಕಾಗದಕ್ಕೂ ಅವಳು ನಗಬೇಕು, ಯಾರೋ ಬೆನ್ನು ತಟ್ಟಿದಾಗ ತಲೆ ತಗ್ಗಿಸಬೇಕು. ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು, ಆದರೂ ಪಟ್ಟಳು. ಗೊಣಗುತ್ತಿದ್ದಳಂತೆ! ಆ ಗೊಣಗಾಟಕ್ಕೆ ಅವಳು ಎಷ್ಟು ದಿನ ನಿದ್ದೆಗೆಟ್ಟಿದ್ದಳು.

ಧ್ವನಿ ಅಷ್ಟು ಹೊತ್ತಿಗಾಗಲೇ ಗರಗರ ಎನ್ನತೊಡಗಿತ್ತು. ನೀರು ಕುಡಿದು, ಉಳಿದ ಎರಡು ಹಾಳೆಗಳಲ್ಲಿ ಮೇಲಿನದನ್ನು ಎತ್ತಿಕೊಂಡಳು.

"ನಾನು ಬಟ್ಟೆ ಹೊಲಿಯುವವಳು" ಎಂದು ಓದಿದಳು. "ಮಿಷನ್ನು ಗೋಡೆಯ ಕಡೆಗಿದೆ, ಟಿ.ವಿ. ನನ್ನ ಬೆನ್ನಿಗೆ. ನಿಮ್ಮ ಸೀರಿಯಲ್ ನಾನು ನೋಡಿದ್ದೇ ಇಲ್ಲ, ಕೇಳಿದ್ದೇನೆ ಅಷ್ಟೆ. ರಾಣಿಯ ಮುಖ ಹೇಗಿದೆ ಎಂದು ನನಗೆ ಗೊತ್ತಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ. ಈ ವಾರ ಮಾತಾಡಿದವಳು..."

ಅಲ್ಲಿಗೆ ನಿಂತಳು. ಮುಂದಿನ ಸಾಲು ಕಣ್ಣಿಗೆ ಬಿದ್ದಿತ್ತು.

"ಮಾತಾಡಿದವಳು?" ಎಂದರು ನಿರ್ದೇಶಕರು.

ಮೂವತ್ತು ವರ್ಷ ಬೇರೆಯವರ ತುಟಿಗೆ ಮಾತು ಕೂಡಿಸಿದವಳಿಗೆ ಅಲ್ಲೊಂದು ಸಾಲು ಹೊಸೆದು ಓದುವುದು ಏನೂ ಕಷ್ಟವಿರಲಿಲ್ಲ. "ಮಾತಾಡಿದವಳು ನನ್ನ ತಾಯಿಯ ಹಾಗೇ ಕೇಳಿಸಿದಳು" ಎಂದುಬಿಟ್ಟರೆ ಮುಗಿಯಿತು, ಹನ್ನೆರಡನೆಯ ಗುರುತು ಬೀಳುತ್ತದೆ. ಕಿವಿ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ. ಅವನಿಗೆ ಅರ್ಥವಾಗಿತ್ತು. ಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡ. ಅವನಿಗೂ ಹೆಂಡತಿ ಮಕ್ಕಳಿದ್ದರು.

ಇಡೀ ವಾರ ತಾನು ಕಾದದ್ದು ಈ ಒಂದು ಕಾಗದಕ್ಕೇ ಎಂದು ಆ ಗಳಿಗೆಯಲ್ಲಿ ಅವಳಿಗೆ ತಿಳಿಯಿತು. ಇದನ್ನು ಮುಚ್ಚಿಟ್ಟರೆ ತನ್ನ ಗುರುತು ಹಿಡಿದ ಒಬ್ಬಳೇ ಒಬ್ಬಳ ಬಾಯಿ ಮುಚ್ಚಿಸಿದಂತೆ. ಅದು ಅವಳಿಂದಾಗಲಿಲ್ಲ.

"ಈ ವಾರ ಮಾತಾಡಿದವಳು ಬೇರೆ ಹೆಂಗಸು" ಎಂದು ಓದಿದಳು. "ಧ್ವನಿ ಒಂದೇ ಥರ ಇದೆ, ಮನೆಯವರೆಲ್ಲ ಅವಳೇ ಎಂದರು, ನನ್ನನ್ನು ನೋಡಿ ನಕ್ಕರು. ಆದರೆ ಅವಳಲ್ಲ. ಇವಳೂ ಚೆನ್ನಾಗಿಯೇ ಮಾತಾಡುತ್ತಾಳೆ, ದೂರು ಹೇಳುತ್ತಿಲ್ಲ. ಇವಳು ದಣಿದಿಲ್ಲ, ಅಷ್ಟೆ. ಇಬ್ಬರು ಮಕ್ಕಳನ್ನು ಮಣ್ಣು ಮಾಡಿದವಳು ಹೀಗೆ ಮಾತಾಡುವುದಿಲ್ಲ. ನಾನು ಒಬ್ಬನನ್ನು ಮಾಡಿದ್ದೇನೆ, ನನಗೆ ಗೊತ್ತು. ಇನ್ನೊಂದು ವಿಚಿತ್ರ. ಮಾತು ಇವಳದು, ಉಸಿರು ಮಾತ್ರ ಹಳೆಯವಳದೇ. ಹಾಗಾದರೆ ಅವಳು ಅಲ್ಲೇ ಎಲ್ಲೋ ಇದ್ದಾಳೆ, ಮಾತಾಡಲು ಆಗುತ್ತಿಲ್ಲ. ಅವಳಿಗೆ ಹುಷಾರಿಲ್ಲವೇ? ಹುಷಾರಿಲ್ಲದಿದ್ದರೆ ದಯವಿಟ್ಟು ಹೇಳಿ. ನಾವು ಕಾಯುತ್ತೇವೆ."

ಕೊನೆಯ ಎರಡು ಮಾತು ಹೊರಗೆ ಬರುವಷ್ಟರಲ್ಲಿ ಧ್ವನಿ ಹರಿದುಹೋಗಿತ್ತು. ಅಳುತ್ತಿದ್ದಾಳೆಂದು ಕೆಲವರಿಗೆ ಅನಿಸಿತು. ಅಳುತ್ತಲೂ ಇದ್ದಳು.

ಸೇನಾಪತಿ ನಗಲು ಹೊರಟವನು ಬಾಯಿ ಮುಚ್ಚಿಕೊಂಡ. ನಿರ್ದೇಶಕರು ಕಾಗದ ಈಸಿಕೊಂಡು ತಾವೇ ಒಂದು ಸಲ ಓದಿದರು. ಆಮೇಲೆ ಕೇಳಿದರು: "ಯಾರು?"

"ನನ್ನ ತಂಗಿ."

"ನಾಲ್ಕೂ ಕಂತಾ?"

"ನಾಲ್ಕೂ."

"ಎಂಜಿನಿಯರ್ರು ಎಲ್ಲಿಗೆ ಹೋಗಿದ್ರು?"

"ಅವರಿಗೇನೂ ಗೊತ್ತಿಲ್ಲ. ಅವರಿಗೂ ಮೋಸ ಮಾಡಿದೆ" ಎಂದಳು ರಾಣಿಯಮ್ಮ. ಗೋಡೆಯ ಮೇಲಿನ ಸೊಳ್ಳೆ ಗುರುತಿಸುವವನಿಗೆ ಇದು ಗೊತ್ತಾಗಲಿಲ್ಲವೆಂದರೆ ಯಾರೂ ನಂಬುವುದಿಲ್ಲ, ಆದರೂ ಯಾರೂ ಬಾಯಿ ಬಿಡಲಿಲ್ಲ.

ನಿರ್ದೇಶಕರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಅವರ ಮುಖ ಬಿಳಿಚಿಕೊಂಡಿತ್ತು. "ನನಗೇ ತಿಳೀಲಿಲ್ವಲ್ಲ" ಎಂದರು ಎರಡು ಸಲ. "ಮಿಷನ್ ತುಳಿಯೋ ಹೆಂಗಸಿಗೆ ತಿಳೀತು, ನನಗೆ ತಿಳೀಲಿಲ್ಲ." ಆಮೇಲೆ ಕೆಲಸದ ಮಾತಿಗೆ ಬಂದರು. ಒಪ್ಪಿದ ಧ್ವನಿಯನ್ನು ಹೇಳದೆ ಬದಲಿಸುವಂತಿಲ್ಲ ಎಂದು ಪರದೇಶದ ಕಂಪನಿಯ ಷರತ್ತಿದೆ, ಅವರಿಗೆ ಇವತ್ತೇ ಬರೆಯಬೇಕು. ತಡವಾಗಿದ್ದ ಕಂತುಗಳು ಬಂದಿವೆ, ಸೋಮವಾರ ರಾಣಿ ಸಭೆಯಲ್ಲಿ ಮಾತಾಡುವ ಕಂತಿನ ರೆಕಾರ್ಡಿಂಗ್, ನಾಲ್ಕು ಗಂಟೆಯ ಕೆಲಸ. "ಈ ಗಂಟಲಲ್ಲಿ ಆಗುತ್ತಾ? ನಿಜ ಹೇಳಿ."

ಡಾಕ್ಟರು ದಿನಕ್ಕೆ ಅರ್ಧ ಗಂಟೆ ಎಂದಿದ್ದರು, ಅದೂ ಮೆಲ್ಲಗೆ. ಇವತ್ತಿನ ಅರ್ಧ ಗಂಟೆ ಈ ಮೇಜಿನ ಮೇಲೇ ಖರ್ಚಾಗಿತ್ತು.

"ಇಲ್ಲ" ಎಂದಳು.

"ನಿಮ್ಮ ತಂಗೀನ ಕೇಳಿ ನೋಡಿ. ಹನ್ನೊಂದು ಜನ ಮೆಚ್ಚಿದ್ದಾರೆ, ಒಬ್ಬರು ಬೇಡ ಅಂದಿದ್ದಾರೆ. ನಾನೇನು ಮಾಡ್ಲಿ, ನೀವೇ ಹೇಳಿ." ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಕಾಗದವನ್ನು ಮಡಚಿ ಅವಳ ಕೈಗೆ ಕೊಟ್ಟರು. ಅಭಿಪ್ರಾಯದ ಹಾಳೆಗಳನ್ನು ಯಾರಿಗೂ ಕೊಡುವ ರೂಢಿ ಇರಲಿಲ್ಲ.

ಬಸ್ಸಿನಲ್ಲಿ ಕೂತ ರಾಣಿಯಮ್ಮನಿಗೆ ತಲೆ ಚಿಟ್ಟುಹಿಡಿದಿತ್ತು. ಒಂದೇ ಒಂದು ಸಮಾಧಾನವಿತ್ತು. ತಂಗಿ ಒಪ್ಪುವುದಿಲ್ಲ. ಒಪ್ಪುವವಳೇ ಅಲ್ಲ ಅವಳು. "ಅಯ್ಯೋ ಅಕ್ಕಾ, ನಿನ್ನ ಜಾಗದಲ್ಲಿ ನಾನಾ?" ಎಂದು ಕಿವಿ ಮುಚ್ಚಿಕೊಳ್ಳುತ್ತಾಳೆ. ಇವಳು ಒತ್ತಾಯ ಮಾಡಬೇಕು, ಅವಳು ಬೇಡ ಎನ್ನಬೇಕು, ಇವಳು ಇನ್ನೊಮ್ಮೆ ಒತ್ತಾಯ ಮಾಡಬೇಕು. ಆಮೇಲೆ ನಿರ್ದೇಶಕರಿಗೆ ಫೋನು ಮಾಡಿ, ಕೇಳಿದೆ, ಒಪ್ಪಲಿಲ್ಲ, ಇನ್ನೊಂದು ವಾರ ಹೇಗಾದರೂ ತಳ್ಳಿ ಎಂದು ಕೈಮುಗಿದು ಕೇಳಬಹುದು. ಒತ್ತಾಯದ ಮಾತುಗಳನ್ನು ಕೂಡ ಮನಸ್ಸಿನಲ್ಲೇ ಜೋಡಿಸಿಕೊಂಡಳು. ತೀರ ಗಟ್ಟಿಯಾಗಿ ಒತ್ತಾಯಿಸಬಾರದು.

ಪ್ರಕಟಣೆಯ ಕೋಣೆ ನಿಲ್ದಾಣದ ಮೆಟ್ಟಿಲ ಕೆಳಗಿತ್ತು. ಇಬ್ಬರು ಕೂರುವಷ್ಟು ಜಾಗ, ಒಂದು ಗಾಜಿನ ಕಿಟಕಿ, ತಿರುಗುವಾಗ ಕಿರುಗುಡುವ ಫ್ಯಾನು. ತಂಗಿ ಹದಿನಾಲ್ಕನೇ ಅಂಕಣದ ಬಸ್ಸು ಹೊರಡುತ್ತಿದೆ ಎಂದು ಎರಡು ಸಲ ಹೇಳಿ, ಮೈಕಿನ ಗುಂಡಿ ಆರಿಸಿ ತಿರುಗಿದಳು. ಅಕ್ಕನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಗೊತ್ತಾಯ್ತಾ?"

ರಾಣಿಯಮ್ಮ ಕಾಗದ ಕೊಟ್ಟಳು. ಮಾತಾಡಿ ಗಂಟಲು ಹಾಳು ಮಾಡಿಕೊಳ್ಳುವುದು ಬೇಡವಾಗಿತ್ತು. ತಂಗಿ ತುಟಿ ಆಡಿಸುತ್ತಾ ಓದಿದಳು, ಒಂದು ಕಡೆ ನಿಂತಳು, ಅದನ್ನೇ ಮತ್ತೊಮ್ಮೆ ಓದಿದಳು.

"ನಾನು ದಣಿದಿಲ್ವಂತಾ?" ಎಂದಳು.

ಇವಳು ದಣಿದಿಲ್ಲವಂತೆ! ಇಪ್ಪತ್ತಾರು ವರ್ಷ ಈ ಮೆಟ್ಟಿಲ ಕೆಳಗೆ ಕೂತವಳು, ಹಾಸಿಗೆ ಹಿಡಿದ ತಾಯಿಯನ್ನು ಒಂಬತ್ತು ವರ್ಷ ಒಬ್ಬಳೇ ನೋಡಿಕೊಂಡವಳು, ಆಗೆಲ್ಲ ಅಕ್ಕನಿಗೆ ರೆಕಾರ್ಡಿಂಗ್ ಇರುತ್ತಿತ್ತು. ತಂಗಿಯ ಕಣ್ಣು ತುಂಬಿದ್ದನ್ನು ನೋಡಿ ಅಕ್ಕನಿಗೆ ಎಲ್ಲಿ ಮುಖ ಇಡಬೇಕೆಂದು ತೋಚಲಿಲ್ಲ.

"ನಾನು ರಾಣಿ ಥರ ಮಾತಾಡ್ಲೇ ಇಲ್ಲ ಅಕ್ಕಾ. ನಂಗೇನು ಗೊತ್ತು ರಾಣಿ? ನಿನ್ನ ಥರ ಮಾತಾಡಿದೆ. ಮದುವೆಗೆ ಮುಂಚೆ ಮನೇಲಿ ಕನ್ನಡಿ ಮುಂದೆ ನಿಂತು ಡೈಲಾಗ್ ಹೇಳ್ತಿದ್ಯಲ್ಲ, ಆ ಥರ. ನೀನು ನನ್ ಹತ್ರ ಕೂತು ಮಾತಾಡಿದ್ದು ಆಗ ಮಾತ್ರ. ಆಮೇಲಿನ ನಿನ್ನ ಧ್ವನಿ ನಂಗೆ ಅಷ್ಟು ಪರಿಚಯ ಇಲ್ಲ."

ಕಿಟಕಿಯ ಆಚೆ ಯಾರೋ ಚೀಲ ಎಳೆದುಕೊಂಡು ಓಡುತ್ತಿದ್ದರು. ರಾಣಿಯಮ್ಮ ತಂಗಿಯ ಕೈ ಹಿಡಿದುಕೊಂಡಳು. ಜೋಡಿಸಿಟ್ಟುಕೊಂಡು ಬಂದಿದ್ದ ಒತ್ತಾಯದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ನನ್ನ ಕೈಲಿ ಆಗ್ತಿಲ್ಲ ಕಣೇ. ಉಳಿದ ಕಂತು ನೀನು ಮಾಡ್ತೀಯಾ ಕೇಳು ಅಂದ್ರು."

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಗದವನ್ನು ಮಡಚಿದಳು, ಬಿಚ್ಚಿದಳು. ಅಯ್ಯೋ ಎನ್ನಲಿಲ್ಲ. ಬೇಡ ಎನ್ನಲಿಲ್ಲ. ಅವಳ ಮುಖದಲ್ಲಿ ಅಕ್ಕ ಎಂದೂ ಕಾಣದ ಒಂದು ಆಸೆ ಮೆಲ್ಲಗೆ ಎದ್ದು, ಬಚ್ಚಿಟ್ಟುಕೊಳ್ಳಲು ಜಾಗ ಹುಡುಕಿ, ಸಿಗದೆ ಅಲ್ಲೇ ನಿಂತಿತು.

"ಸೋಮವಾರ ಎಷ್ಟು ಗಂಟೆಗೆ?" ಎಂದು ಕೇಳಿದಳು.

ಒಪ್ಪಲಿಲ್ಲ ಎಂದು ನಿರ್ದೇಶಕರಿಗೆ ಮಾಡಬೇಕೆಂದಿದ್ದ ಫೋನು ಇನ್ನು ಮಾಡುವಂತಿರಲಿಲ್ಲ. ತಂಗಿ ಉತ್ತರಕ್ಕೆ ಕಾಯುತ್ತಿದ್ದಳು.

"ಹತ್ತಕ್ಕೆ" ಎಂದಳು ಅಕ್ಕ. ಅಷ್ಟು ಹೇಳುವಷ್ಟು ಧ್ವನಿ ಇನ್ನೂ ಉಳಿದಿತ್ತು.